ಆರನೇ ಕ್ಲಾಸಿಗೆ ನಿಂತ ಓದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕಾಫಿ ಸೀಮೆಯಿಂದ ಬಂದವು. ಬರೆದವರ ಹೆಸರು, ಊರು ಬಿಟ್ಟು ತಾಲ್ಲೂಕನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನನಗೆ 17 ವರ್ಷ. ಎಸ್ಟೇಟಿನ ಕೆಲಸಗಾರರ ಲೈನ್ ಮನೆಯಲ್ಲೇ ಬೆಳೆದವಳು. ಅಮ್ಮ ತೀರಿಕೊಂಡ ಮೇಲೆ ಆರನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅಪ್ಪ ಕುಡಿಯುತ್ತಾರೆ, ರಾತ್ರಿಯೆಲ್ಲ ಗಲಾಟೆ. ಮಾತಾಡುವುದಕ್ಕೂ ಯಾರೂ ಇಲ್ಲ. ಕನ್ನಡ ನಿಧಾನಕ್ಕೆ ಓದುತ್ತೇನೆ, ಲೆಕ್ಕ ಮರೆತೇಹೋಗಿದೆ. ಎಸ್ಸೆಸ್ಸೆಲ್ಸಿ ಕಟ್ಟಬಹುದಾ ಮೇಡಂ?
– ಮೂಡಿಗೆರೆ ತಾಲ್ಲೂಕು

ಉತ್ತರ: ಕಟ್ಟಬಹುದು. 15 ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ನೇರ ಎಸ್ಸೆಸ್ಸೆಲ್ಸಿಗೆ ಕೂರಬಹುದು. ಆದರೆ ಬರುವ ಮಾರ್ಚ್‌ಗೇ ಕಟ್ಟಬೇಕೆಂದು ಹಟ ಹಿಡಿಯಬೇಡಿ. ಎರಡು ವರ್ಷ ಇಟ್ಟುಕೊಳ್ಳಿ. ನಿಮ್ಮಂಥವರು ಫೇಲಾಗುವುದು ಬುದ್ಧಿ ಸಾಲದೆ ಅಲ್ಲ, ಆರನೇ ಕ್ಲಾಸಿನಲ್ಲಿ ಬಿಟ್ಟವರು ಸೀದಾ ಹತ್ತನೇ ಕ್ಲಾಸಿನ ಗೈಡ್ ಹಿಡಿದು ಕೂರುವುದರಿಂದ.

ಮೊದಲು ಕಾಗದಪತ್ರ. ನೀವು ಓದಿದ ಶಾಲೆಯ ದಾಖಲಾತಿ ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನ ಈಗಲೂ ಇರುತ್ತದೆ. ಹೆಡ್ ಮಾಸ್ಟರ್ ಹತ್ತಿರ ಹೋಗಿ ಟಿ.ಸಿ. ಕೇಳಿ, ವರ್ಷಗಳು ಕಳೆದಿದ್ದರೂ ಕೇಳುವುದರಲ್ಲಿ ತಪ್ಪಿಲ್ಲ. ಟಿ.ಸಿ.ಯನ್ನೂ ಆಧಾರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಇನಿಶಿಯಲ್ ಹಿಂದುಮುಂದಾಗಿದ್ದರೆ, ಜನ್ಮದಿನ ಜನವರಿ 1 ಎಂದು ಯಾರೋ ಅಂದಾಜಿಗೆ ಹಾಕಿಬಿಟ್ಟಿದ್ದರೆ (ಲೈನ್ ಮನೆಗಳಲ್ಲಿ ಇದು ಹೊಸದೇನಲ್ಲ) ಪರೀಕ್ಷೆಗೆ ಮೊದಲೇ ಸರಿಮಾಡಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಹೆಸರು, ತಾರೀಖೇ ಮುಂದೆ ಎಲ್ಲ ಕಡೆ ನಡೆಯುವುದು. ಆಮೇಲೆ ಅದನ್ನು ತಿದ್ದಿಸಲು ಕೋರ್ಟಿನವರೆಗೂ ಅಲೆಯಬೇಕಾದೀತು. ಮಾರ್ಚ್ ಪರೀಕ್ಷೆಗೆ ಹಿಂದಿನ ವರ್ಷದಲ್ಲೇ ನೋಂದಣಿ ಮುಗಿಯುತ್ತದೆ, ಹಾಗಾಗಿ ಜೂನ್‌ನಲ್ಲೇ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ವಿಚಾರಿಸಿ.

ಇನ್ನು ಓದು. ನಾಲ್ಕನೇ ಕ್ಲಾಸಿನ ಕನ್ನಡ ಪುಸ್ತಕ ತೆಗೆದುಕೊಂಡು ಒಂದು ಪುಟ ಗಟ್ಟಿಯಾಗಿ ಓದಿ. ತಡವರಿಸಿದ ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಒಂದು ಪುಟಕ್ಕೆ ಐದಕ್ಕಿಂತ ಹೆಚ್ಚು ಗೆರೆ ಬಿದ್ದರೆ ಮೂರನೇ ಕ್ಲಾಸಿನದಕ್ಕೆ ಇಳಿಯಿರಿ. ನಾಚಿಕೆ ಬೇಡ. ಬಹಳಷ್ಟು ಸಲ ಎಡವಿಸುವುದು ಒತ್ತಕ್ಷರ ಮತ್ತು ಅರ್ಕಾವತ್ತು: ಸ್ಥ, ಷ್ಟ್ರ, ತ್ರ, ಕ್ಷ್ಮ, ರ್ಯ. ದಿನಕ್ಕೆ ಇಂಥ ಹತ್ತು ಪದ ನೋಡಿ ಬರೆಯಿರಿ, ಮಾರನೆಯ ದಿನ ನೋಡದೆ ಬರೆಯಿರಿ. ಒಂದೇ ಪಾಠವನ್ನು ಮೂರು ದಿನ ಓದಿ. ಮೂರನೆಯ ದಿನ ನಾಲಿಗೆ ತಾನಾಗಿ ಸಡಿಲವಾಗುತ್ತದೆ.

ಲೆಕ್ಕಕ್ಕೂ ಇದೇ ದಾರಿ. ಎರಡರಿಂದ ಹತ್ತರವರೆಗೆ ಮಗ್ಗಿ, ದಶಕ ತೆಗೆದು ಕಳೆಯುವುದು, ಭಾಗಾಕಾರ, ಆಮೇಲೆ ಭಿನ್ನರಾಶಿ. ನಾಲ್ಕನೇ ಕ್ಲಾಸಿನಿಂದ ಶುರುಮಾಡಿ ಪ್ರತಿ ಪುಸ್ತಕದಲ್ಲೂ ಅಲ್ಲಲ್ಲಿಂದ ಹತ್ತು ಲೆಕ್ಕ ಆರಿಸಿ ಮಾಡಿ. ಎಂಟು ಸರಿಬಂದರೆ ಮೇಲಿನ ಕ್ಲಾಸಿಗೆ ಹೋಗಿ, ಇಲ್ಲದಿದ್ದರೆ ಅಲ್ಲೇ ನಿಲ್ಲಿ. ಬೀಜಗಣಿತ ತಲೆಗೆ ಹೋಗುತ್ತಿಲ್ಲ ಎನ್ನುವವರ ಪುಸ್ತಕ ನೋಡಿ, ತೊಡಕು ಇರುವುದು ಭಿನ್ನರಾಶಿಯಲ್ಲಿ. ಪಠ್ಯಪುಸ್ತಕಗಳೆಲ್ಲ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅದಕ್ಕಿಂತ ಶಾಲೆಯಲ್ಲಿ ಹಳೆಯ ಪ್ರತಿ ಕೇಳಿ ತರುವುದು ವಾಸಿ, ಮೊಬೈಲಿನಲ್ಲಿ ಲೆಕ್ಕ ಕಲಿಯುವುದು ಕಷ್ಟ.

ವೇಳಾಪಟ್ಟಿಯನ್ನು ತೋಟದ ಕೆಲಸ ನೋಡಿ ಹಾಕಿಕೊಳ್ಳಿ. ನವೆಂಬರ್‌ಗೆ ಅರೇಬಿಕಾ ಹಣ್ಣು ಕುಯ್ಲು ಶುರು, ರೊಬಸ್ಟಾ ಮುಗಿಯುವಷ್ಟರಲ್ಲಿ ಫೆಬ್ರವರಿ ದಾಟುತ್ತದೆ. ಕೆ.ಜಿ. ಲೆಕ್ಕದಲ್ಲಿ ದುಡ್ಡು ಸಿಗುವ ದಿನಗಳಲ್ಲಿ ಪುಸ್ತಕ ಹಿಡಿಯಲು ಯಾರಿಗೂ ಮನಸ್ಸು ಬಾರದು, ಪರೀಕ್ಷೆಯೂ ಆಗಲೇ ಬರುತ್ತದೆ. ಆದ್ದರಿಂದ ಹೊಸ ಪಾಠವನ್ನೆಲ್ಲ ಜೂನ್‌ನಿಂದ ಅಕ್ಟೋಬರ್‌ನೊಳಗೆ ಮುಗಿಸಿ. ಕುಯ್ಲಿನ ಕಾಲದಲ್ಲಿ ದಿನಕ್ಕೆ ಅರ್ಧ ಗಂಟೆ ಹಳೆಯದನ್ನು ತಿರುವಿಹಾಕಿದರೆ ಸಾಕು.

ಆರು ವಿಷಯ ಒಟ್ಟಿಗೆ ಹೊರೆ ಎನಿಸಿದರೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್.ಐ.ಓ.ಎಸ್., ಇದೆ. ಅಲ್ಲಿ ಐದು ವಿಷಯ ಪಾಸಾದರೆ ಹತ್ತನೇ ತರಗತಿ. ನೋಂದಣಿ ಐದು ವರ್ಷ ನಡೆಯುತ್ತದೆ, ವರ್ಷಕ್ಕೆ ಎರಡು ಸಲ ಪರೀಕ್ಷೆ, ಒಂದೊಂದೇ ವಿಷಯ ಬರೆದು ಮುಗಿಸಬಹುದು. ಹಣ ಕಟ್ಟುವ ಮೊದಲು ನಿಮಗೆ ಬೇಕಾದ ವಿಷಯ ಯಾವ ಮಾಧ್ಯಮದಲ್ಲಿದೆ ಎಂದು ಕೇಳಿಕೊಳ್ಳಿ. ಗಣಿತ, ವಿಜ್ಞಾನ ಬಿಟ್ಟೂ ಪಾಸಾಗಬಹುದು. ಹಾಗೆ ಮಾಡಿದರೆ ಮುಂದೆ ಡಿಪ್ಲೊಮಾ, ಪಿಯು ಸೈನ್ಸ್, ಐಟಿಐನ ಹಲವು ಟ್ರೇಡ್‌ಗಳು ಕೈತಪ್ಪುತ್ತವೆ. ‘ಸುಲಭದಲ್ಲಿ ಪಾಸು’ ಎಂದು ದುಡ್ಡು ಕೀಳುವ ಟ್ಯುಟೋರಿಯಲ್‌ಗಳು ಇದನ್ನು ಹೇಳುವುದಿಲ್ಲ.

ಕೂರುವ ಜಾಗ: ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಲೈಬ್ರರಿ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಬರೆದದ್ದನ್ನು ವಾರಕ್ಕೆ ಎರಡು ಸಲ ನೋಡಿ ತಿದ್ದುವ ಒಬ್ಬರನ್ನು ಹುಡುಕಿಕೊಳ್ಳಿ: ಅಂಗನವಾಡಿ ಟೀಚರ್, ಲೈಬ್ರರಿಯವರು, ಪಿಯುಸಿ ಓದುವ ಯಾವುದಾದರೂ ಅಕ್ಕ. ಒಂಟಿಯಾಗಿ ಓದುವವರಿಗೆ ತಪ್ಪು ತಪ್ಪೆಂದು ಗೊತ್ತಾಗುವುದೇ ಇಲ್ಲ, ಅದೇ ತಪ್ಪು ಗಟ್ಟಿಯಾಗಿ ಕೂತುಬಿಡುತ್ತದೆ.

ಒಂದು ಮಾತು ಪತ್ರದಲ್ಲಿ ನೀವು ಬರೆಯದೇ ಬಿಟ್ಟಿರಬಹುದು. ಅಪ್ಪ ಅಥವಾ ಬೇರೆ ಯಾರೇ ಆಗಲಿ ಕೈಮಾಡುತ್ತಿದ್ದರೆ, ಭಯವಿದ್ದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 18 ತುಂಬುವವರೆಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ನಿಮ್ಮನ್ನು ಸುರಕ್ಷಿತ ಜಾಗದಲ್ಲಿಟ್ಟು ಓದಿಸುವ ವ್ಯವಸ್ಥೆ ಮಾಡಬಹುದು. ತುಂಬಿದ ಮೇಲಾದರೆ ಮಹಿಳಾ ಸಹಾಯವಾಣಿ 181. ಮನೆ ಸರಿಹೋದ ಮೇಲೆ ಓದುತ್ತೇನೆ ಎಂದು ಕಾಯಬೇಡಿ.

ಪ್ರಶ್ನೆ: ಕಾಡಂಚಿನ ಒಂಟಿ ಮನೆ ನಮ್ಮದು. ಹೊಡೆತ, ಬೈಗುಳದಲ್ಲೇ ಬೆಳೆದೆ. ಈಗ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಮೊದಲ ವರ್ಷದ ಬಿ.ಕಾಂ. ಓದುತ್ತಿದ್ದೇನೆ. ಲೆಕ್ಚರರ್ ದನಿ ಏರಿಸಿದರೆ ತಲೆ ಖಾಲಿಯಾಗುತ್ತದೆ. ಯಾರ ಜೊತೆಗೂ ಮಾತಾಡಲಾಗುತ್ತಿಲ್ಲ. ಸ್ಕಾಲರ್‌ಶಿಪ್ಪೂ ಬಂದಿಲ್ಲ. ಬಿಟ್ಟುಹೋಗಲಾ ಸರ್?
– ಸಕಲೇಶಪುರ ತಾಲ್ಲೂಕು

ಉತ್ತರ: ಬಿಡಬೇಡಿ. ಹೊಡೆತ ತಿಂದು ಬೆಳೆದ ದೇಹ ಜೋರು ದನಿ ಕೇಳಿದ ಕೂಡಲೇ ತಪ್ಪಿಸಿಕೊಳ್ಳುವುದನ್ನಷ್ಟೇ ಯೋಚಿಸುತ್ತದೆ, ಆ ಹೊತ್ತಿಗೆ ಪಾಠ ನೆನಪಿಗೆ ಬಾರದು. ಹಾಗಾದಾಗ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ನಾಲ್ಕು ಎಣಿಸಿ ಎಳೆದರೆ ಆರು ಎಣಿಸಿ ಬಿಡುವುದು, ಹೀಗೆ ಐದಾರು ಸಲ. ಪಾದ ನೆಲಕ್ಕೆ ಒತ್ತಿರಲಿ. ಕ್ಲಾಸಿನಲ್ಲಿ ಎದ್ದು ನಿಂತು ಕೇಳುವುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು, ಕ್ಲಾಸ್ ಮುಗಿದ ಮೇಲೆ ಹೊರಗೆ ಒಬ್ಬರೇ ಲೆಕ್ಚರರ್ ಬಳಿ ಕೇಳಿ. ವಾರಕ್ಕೆ ಒಂದು ಸಾಕು. ಹಿಂದಿನ ಬೆಂಚು ಬೇಡ, ಗೋಡೆ ಪಕ್ಕದ ಎರಡನೇ ಸಾಲಿನಲ್ಲಿ ಕೂತು ನೋಡಿ. ನಿದ್ದೆಗೆಡುವುದು, ಹಳೆಯದು ಕಣ್ಣಮುಂದೆ ಬರುವುದು ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ: ಉಚಿತ, ದಿನದ 24 ಗಂಟೆಯೂ, ಕನ್ನಡದಲ್ಲೂ ಮಾತಾಡಬಹುದು.

ನಿಮ್ಮಂಥ ಹುಡುಗರು ಎಷ್ಟೋ ಸಲ ಕಾಲೇಜು ಬಿಡುವುದು ರಜೆಯಲ್ಲಿ. ಹಾಸ್ಟೆಲ್ ಮುಚ್ಚುತ್ತದೆ, ಅದೇ ಮನೆಗೆ ಹೋಗಬೇಕು, ಹೋದವರನ್ನು ಕೆಲಸಕ್ಕೆ ಹಚ್ಚುತ್ತಾರೆ, ತಿರುಗಿ ಬರುವುದು ತಪ್ಪುತ್ತದೆ. ರಜೆ ಎಲ್ಲಿ ಕಳೆಯುವುದು ಎಂಬುದನ್ನು ಒಂದು ತಿಂಗಳು ಮುಂಚೆಯೇ ವಾರ್ಡನ್ ಜೊತೆ ಮಾತಾಡಿ ಗೊತ್ತುಮಾಡಿಕೊಳ್ಳಿ.

ಸ್ಕಾಲರ್‌ಶಿಪ್ ಬಂದಿಲ್ಲವೆಂದೂ ಬರೆದಿದ್ದೀರಿ. ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಜಾಲತಾಣ) ಅರ್ಜಿ ಮಂಜೂರಾದ ಮೇಲೂ ಹಣ ಬರದಿದ್ದರೆ ಬ್ಯಾಂಕಿಗೆ ಹೋಗಿ ‘ಎನ್‌ಪಿಸಿಐಗೆ ಆಧಾರ್ ಜೋಡಣೆ ಆಗಿದೆಯೇ’ ಎಂದು ಕೇಳಿ. ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ಸರ್ಕಾರದ ಹಣ ಆಧಾರ್ ಮೂಲಕ ಖಾತೆಗೆ ಬರಲು ಬೇಕಾದ ಈ ಜೋಡಣೆ ಬೇರೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯಲ್ಲಿ (ಪತ್ರದ ಮೇಲಿರುವ ಸಂಖ್ಯೆ) ದಾಖಲಾದ ಹೆಸರು ಅಂಕಪಟ್ಟಿಗೆ ಹೊಂದದಿದ್ದರೂ ಅರ್ಜಿ ಸಿಕ್ಕಿಕೊಳ್ಳುತ್ತದೆ. ಅದನ್ನು ಸರಿಮಾಡಿಸುವ ಜಾಗ ನಾಡಕಚೇರಿ.

ಪ್ರಶ್ನೆ: ನಾನು ತೋಟದಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್. ನಮ್ಮ ಲೈನಿಗೆ ಉತ್ತರ ಕರ್ನಾಟಕದಿಂದ ಬಂದ ಅಜ್ಜಿಯೊಬ್ಬರ ಜೊತೆ 12 ವರ್ಷದ ಮೊಮ್ಮಗ ಇದ್ದಾನೆ. ಶಾಲೆಯ ಮುಖ ನೋಡಿಲ್ಲ. ಟಿ.ಸಿ. ಇಲ್ಲ, ಜನನ ಪತ್ರ ಇಲ್ಲ. ಯಾವ ಕ್ಲಾಸಿಗೆ ಸೇರಿಸುವುದು?
– ಬೇಲೂರು ತಾಲ್ಲೂಕು

ಉತ್ತರ: ವಯಸ್ಸಿಗೆ ತಕ್ಕ ಕ್ಲಾಸಿಗೆ, ಅಂದರೆ ಆರು ಅಥವಾ ಏಳಕ್ಕೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದೇ ಇದನ್ನು. ಟಿ.ಸಿ. ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಸೇರಿಸಿಕೊಳ್ಳದೆ ಇರುವಂತಿಲ್ಲ. ಹಿಂದುಳಿದ ಓದಿಗೆ ವಿಶೇಷ ತರಬೇತಿ ಕೊಡಬೇಕು, ಕನಿಷ್ಠ ಮೂರು ತಿಂಗಳು, ಗರಿಷ್ಠ ಎರಡು ವರ್ಷ. ನಡುವೆ 14 ದಾಟಿದರೂ ಎಂಟನೇ ಕ್ಲಾಸು ಮುಗಿಯುವವರೆಗೆ ಉಚಿತ. ಶಾಲೆಯವರು ಹಿಂಜರಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹುಡುಗನನ್ನು ಒಂದನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸುತ್ತೇವೆ ಎಂದರೆ ಒಪ್ಪಬೇಡಿ, ನಾಲ್ಕು ದಿನಕ್ಕೆ ಓಡಿಬರುತ್ತಾನೆ.

ಅಜ್ಜಿ ಕುಯ್ಲು ಮುಗಿಸಿ ಊರಿಗೆ ಹೊರಟರೆ, ಶಾಲೆಯಲ್ಲಿ ಅವನ ಎಸ್‌ಎಟಿಎಸ್ ಸಂಖ್ಯೆ (ಸರ್ಕಾರಿ ದಾಖಲೆಯಲ್ಲಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಬರೆಸಿಕೊಂಡು ಟಿ.ಸಿ. ಜೊತೆಗೇ ಕಳಿಸಿಕೊಡಿ.