ಜೂಡೋ ಸೇರಿ, ಮಾತ್ರೆ ಬಿಡ್ಬೇಡಿ

ಹೆಸರು ಹಾಕ್ಬೇಡಿ ಅಂತ ಕೇಳ್ಕೊಂಡಿದೀರ, ಹಾಕಿಲ್ಲ. ವಯಸ್ಸು ನಲವತ್ತು ದಾಟಿದೆ, ವರ್ಷಗಟ್ಟಲೆ ಕುಡಿತ, ಡಾಕ್ಟರ್ ಹತ್ರ ಹೋಗಿ ಅದನ್ನ ಬಿಟ್ಟು ಮೂರು ತಿಂಗಳಾಯ್ತು, ಆದ್ರೆ ಸಂಜೆ ಆಯ್ತು ಅಂದ್ರೆ ಕೂತಲ್ಲಿ ಕೂರಕ್ಕಾಗಲ್ಲ, ಅದಕ್ಕೆ ಜೂಡೋ ಸೇರ್ತೀನಿ, ಮನಸ್ಸು ಗಟ್ಟಿ ಆದ್ಮೇಲೆ ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸ್ಲಾ ಅಂತ ಕೇಳಿದೀರ. ಸೇರಿ, ಖಂಡಿತ ಸೇರಿ. ಮಾತ್ರೆ ಮಾತ್ರ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸ್ಬೇಡಿ, ಅದು ಡಾಕ್ಟರ್ ಹೇಳ್ಬೇಕಾದ ಮಾತು.

ಈ "ಮನಸ್ಸು ಗಟ್ಟಿ" ಅನ್ನೋ ಮಾತು ಕೇಳಿದ್ರೆ ನಂಗೆ ಬೇಜಾರಾಗುತ್ತೆ. ಕುಡಿಯೋರಿಗೆ ಮನಸ್ಸು ಗಟ್ಟಿ ಇಲ್ಲ ಅಂತ ಎಲ್ಲರೂ ಹೇಳಿ ಹೇಳಿ ಕೊನೆಗೆ ಅವರೂ ಅದನ್ನೇ ನಂಬಿಬಿಡ್ತಾರೆ. ಅಷ್ಟು ವರ್ಷ ಕುಡಿದಾಗ ಮೆದುಳೇ ಅದಕ್ಕೆ ಒಗ್ಗಿಹೋಗಿರುತ್ತೆ ಕಣ್ರೀ, ದಿನಾ ಜಾಸ್ತಿ ಕುಡಿಯೋರು ಒಮ್ಮೆಲೇ ನಿಲ್ಲಿಸಿದ್ರೆ ಕೈ ನಡುಗುತ್ತೆ, ಬೆವರುತ್ತೆ, ಮೊದಲ 48 ಗಂಟೆ ಒಳಗೆ ಫಿಟ್ಸ್ ಕೂಡ ಬರಬಹುದು, ಎರಡು ಮೂರನೇ ದಿನಕ್ಕೆ ಕೆಲವರಿಗೆ ಇಲ್ಲದ್ದೆಲ್ಲ ಕಾಣೋಕೆ ಶುರುವಾಗಿ ಪ್ರಾಣಕ್ಕೇ ಕುತ್ತು ಬರುತ್ತೆ. ಇದನ್ನ ಓದ್ತಿರೋ ಬೇರೆಯವರಿಗೂ ಹೇಳ್ತಿದೀನಿ, ನಾಳೆಯಿಂದ ಕುಡಿತ ಬಂದ್, ಕರಾಟೆ ಶುರು ಅಂತ ಹೊರಡ್ಬೇಡಿ, ಮೊದ್ಲು ಡಾಕ್ಟರ್.

ಹಾಗಾದ್ರೆ ಜೂಡೋ ಏನ್ ಮಾಡುತ್ತೆ? ಆ ಸಂಜೆ ಹೊತ್ತನ್ನ ಕಳೆಯುತ್ತೆ, ನನ್ನ ಪ್ರಕಾರ ಅದೇ ದೊಡ್ಡದು. ಕುಡೀಬೇಕು ಅನ್ನೋ ಸೆಳೆತ ಸಾಮಾನ್ಯವಾಗಿ ಅರ್ಧ ಗಂಟೆ ಒಳಗೆ ಏರಿ ಇಳಿದುಹೋಗುತ್ತೆ, ಆ ಹೊತ್ತಲ್ಲಿ ಒಬ್ರು ನಿಮ್ಮ ಕಾಲರ್ ಹಿಡಿದು ಎಳೀತಿದ್ರೆ ಅವರ ಕಾಲು ಎಲ್ಲಿ ಬರುತ್ತೆ ಅಂತ ನೋಡ್ಬೇಕೇ ಹೊರತು ಬಾಟ್ಲಿ ಯೋಚನೆಗೆ ಪುರುಸೊತ್ತೆಲ್ಲಿ. ಜಿಮ್ಮಲ್ಲಿ ಒಬ್ರೇ ಟ್ರೆಡ್‌ಮಿಲ್ ಮೇಲೆ ಇದ್ರೆ ಅದೇ ಯೋಚನೆ ಜೊತೆಗೇ ಓಡುತ್ತೆ. ಇನ್ನೊಂದು, ಎರಡು ದಿನ ಹೋಗ್ಲಿಲ್ಲ ಅಂದ್ರೆ ನಿಮ್ಮ ಜೊತೆ ಪ್ರಾಕ್ಟೀಸ್ ಮಾಡೋರು "ಯಾಕ್ರೀ ಬರ್ಲಿಲ್ಲ" ಅಂತಾರೆ. ಇಷ್ಟು ವರ್ಷ ಮನೇಲಿ ಕೇಳ್ತಿದ್ದ "ಎಲ್ಲಿಗೆ ಹೋಗಿದ್ದೆ"ಗೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ.

ಜೂಡೋನೇ ಆರಿಸ್ಕೊಂಡಿದ್ದು ಒಳ್ಳೇದಾಯ್ತು. 1882ರಲ್ಲಿ ಟೋಕಿಯೋದಲ್ಲಿ ಇದನ್ನ ಶುರು ಮಾಡಿದ ಕಾನೊ ಜಿಗೊರೊ ಜುಜುತ್ಸು ಅನ್ನೋ ಜಪಾನಿನ ಹಳೇ ಕಾಳಗ ವಿದ್ಯೆಯ ಹೊಡೆತ, ಅಪಾಯದ ಪಟ್ಟುಗಳನ್ನ ಕಾತಾಕ್ಕೆ, ಅಂದ್ರೆ ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಮಾಡೋ ಅಭ್ಯಾಸಕ್ಕೆ ಮಾತ್ರ ಇಟ್ಕೊಂಡು, ಮಿಕ್ಕಿದ್ದನ್ನ ಇಬ್ಬರು ಪೂರ್ತಿ ಬಲ ಹಾಕಿ ಆಡೋ ಹಾಗೆ ಮಾಡಿದ್ರು, ಹಾಗಾಗಿ ತಲೆಗೆ ಗುದ್ದೋ ಆಟ ಅಲ್ಲ ಇದು. ಬಾಕ್ಸಿಂಗ್ ಅಂದಿದ್ರೆ ಬೇಡ ಅಂತಿದ್ದೆ, ಈಗಷ್ಟೇ ಚೇತರಿಸ್ಕೊಳ್ತಿರೋ ಮೆದುಳಿಗೆ ಯಾಕೆ ಏಟು. ಶುರುವಲ್ಲಿ ಎತ್ತಿ ಹಾಕೋದು ಕಲಿಸಲ್ಲ, ಬೀಳೋದು ಕಲಿಸ್ತಾರೆ, ಗದ್ದ ಎದೆಗೆ ಒತ್ಕೊಂಡು ಉಸಿರು ಬಿಟ್ಟು, ಬೆನ್ನು ಮ್ಯಾಟಿಗೆ ತಾಗೋ ಹೊತ್ತಿಗೇ ಅಂಗೈಯಿಂದ ಪಟ್ ಅಂತ ಬಾರಿಸ್ಬೇಕು. ನಮ್ಮ ವಯಸ್ಸಿಗೆ ಇದಕ್ಕೇ ವಾರಗಟ್ಟಲೆ ಹಿಡಿಯುತ್ತೆ, ಹಿಡೀಲಿ ಬಿಡಿ. ಪಕ್ಕದಲ್ಲಿ ಹತ್ತು ವರ್ಷದ ಹುಡುಗ್ರು ಇರ್ತಾರೆ, ಅವರೂ ಅದನ್ನೇ ಮಾಡ್ತಿರ್ತಾರೆ.

ಸೇರೋಕೆ ಮುಂಚೆ ಲಿವರ್, ಬಿಪಿ ಟೆಸ್ಟ್ ಮಾಡ್ಸಿ. ಲಿವರ್ ಕೆಟ್ಟಿದ್ರೆ ರಕ್ತ ಬೇಗ ಹೆಪ್ಪುಗಟ್ಟಲ್ಲ, ಸಣ್ಣ ಪೆಟ್ಟೂ ದೊಡ್ಡದಾಗುತ್ತೆ. ಕೋಚ್ ಹತ್ರ ವಿಷ್ಯ ಮುಚ್ಚಿಡ್ಬೇಡಿ. ಕ್ಲಾಸ್ ಮುಗಿದ್ಮೇಲೆ ಎಲ್ಲ ಸೇರಿ ಪಾರ್ಟಿಗೆ ಹೊರಡೋ ಗುಂಪಾದ್ರೆ ಬೇರೆ ಕಡೆ ನೋಡಿ.

ಮಧ್ಯದಲ್ಲಿ ಒಂದಿನ ಕುಡಿದುಬಿಟ್ರೆ ಏನ್ಮಾಡ್ಲಿ ಅಂತ ಕೊನೇಲಿ ಬರೆದಿದೀರಲ್ಲ, ಎಲ್ಲಾ ಹಾಳಾಯ್ತು ಅಂತ ಮನೇಲಿ ಕೂರ್ಬೇಡಿ, ಬೆಳಗ್ಗೆನೇ ಡಾಕ್ಟರ್‌ಗೆ ಫೋನ್ ಮಾಡಿ, ಅವರು ಸರಿ ಅಂದ ದಿನ ಕ್ಲಾಸಿಗೆ ಹೋಗಿ. ಕುಡಿದು ಮಾತ್ರ ಮ್ಯಾಟ್ ಹತ್ಬೇಡಿ, ಅಲ್ಲಿ ಇನ್ನೊಬ್ಬರ ಕತ್ತೂ ನಿಮ್ಮ ಕೈಯಲ್ಲೇ ಇರುತ್ತೆ.