ಚುಕ್ಕೆ ಇಟ್ಟರೂ ಸ್ವರ ಎಳೆದಂತೆ ಕೇಳೋದು ಯಾಕೆ
ಸಂಗೀತ ಬರೆದು ಕೇಳುವ ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್ 3ರಲ್ಲಿ ಪಿಟೀಲಿನ ಕ್ವಾರ್ಟರ್ ನೋಟ್‌ಗೆ (ಇಲ್ಲಿ ಒಂದು ಬೀಟಿನ ಸ್ವರ) ಸ್ಟಕಾಟೊ ಚುಕ್ಕೆ, ಅಂದರೆ ತುಂಡಾಗಿ ನುಡಿಸಿ ಅನ್ನೋ ಗುರುತು, ಇಟ್ಟರೂ ಉದ್ದ ಕೇಳುತ್ತೆ, ಬದಲಿಗೆ ಅದರ ಅರ್ಧದ ಎಯ್ತ್ ನೋಟ್ ಬರೆದು ಉಳಿದರ್ಧಕ್ಕೆ ರೆಸ್ಟ್ (ಮೌನದ ಗುರುತು) ಹಾಕಲಾ ಅಂದಿರಿ. ದಯವಿಟ್ಟು ಬೇಡ. ಚುಕ್ಕೆ ಮಾಡೋದೂ ಅದನ್ನೇ, ಸ್ವರವನ್ನು ಅರ್ಧಕ್ಕೆ ಕತ್ತರಿಸುತ್ತೆ. ನಿಮ್ಮ ಟೆಂಪೊ 60, ಅಂದರೆ ಬೀಟಿಗೆ ಒಂದು ಸೆಕೆಂಡ್. ಕತ್ತರಿಸಿದ ಮೇಲೂ ಅರ್ಧ ಸೆಕೆಂಡ್ ಉಳಿಯಿತಲ್ಲ, ಕಿವಿಗೆ ಅದು ತುಂಡು ಅನ್ನಿಸೋದೇ ಇಲ್ಲ. ನುಡಿಸುವವರಾದರೆ ಲಯ ನೋಡಿ ಕಮಾನು ತಡೆಯುತ್ತಾರೆ. ಸಾಫ್ಟ್‌ವೇರ್ ಹಿಡಿಯೋದು ಶೇಕಡಾ ಲೆಕ್ಕ.

ಮೊದಲು ರಿವರ್ಬ್ (ಸಾಫ್ಟ್‌ವೇರ್ ಸೇರಿಸುವ ಅನುರಣನ) ಇಳಿಸಿ ಕೇಳಿ, ಎಷ್ಟೋ ಸಲ ಉಳಿಯೋದು ಅದರ ಬಾಲವೇ. ಸಾಲದಿದ್ದರೆ ಸ್ವರಗಳನ್ನು ಪಟ್ಟಿಗಳಾಗಿ ತೋರಿಸುವ ಪಿಯಾನೊ ರೋಲ್ ಎಡಿಟರ್ ತೆರೆದು ಆ ನೋಟ್‌ಗಳ ಉದ್ದವನ್ನು 250ರ ಹತ್ತಿರ ಇಡಿ. ಅಲ್ಲಿ 1000 ಅಂದರೆ ಪೂರ್ತಿ ಉದ್ದ. ಪುಟದಲ್ಲಿ ಚುಕ್ಕೆ ಚುಕ್ಕೆಯಾಗಿಯೇ ಇರುತ್ತೆ, ಓದಿ ನುಡಿಸುವವರಿಗೆ ಬೇಕಿರೋದು ಅದೇ.