ಕರಪತ್ರ ಹಂಚಿದರೆ ಸಂಶೋಧನೆ ಜನರಿಗೆ ತಲುಪಿದಂತೆಯೇ?

ಸಂಶೋಧನೆಯ ಫಲಿತಾಂಶವನ್ನು ಸರಳ ಭಾಷೆಯಲ್ಲಿ ಕರಪತ್ರ ಮಾಡಿ ಹಂಚಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಇದಕ್ಕೆ ಬಾಂಗ್ಲಾದೇಶದಲ್ಲಿ ಭೇದಿಗೆ ಕುಡಿಸುವ ಉಪ್ಪು-ಬೆಲ್ಲದ ನೀರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಗ್ಲೂಕೋಸು, ಲವಣ ಬೆರೆಸಿದ ನೀರು ಕುಡಿಸಿ ಕಾಲರಾ ರೋಗಿಯನ್ನು ಉಳಿಸಬಹುದು ಎಂದು ಢಾಕಾದ ಸಂಶೋಧಕರು 1968ರಲ್ಲೇ ಪ್ರಕಟಿಸಿದ್ದರು. ಅದು ಉಪ್ಪು-ಬೆಲ್ಲದ ನೀರಾಗಿ ಹಳ್ಳಿಯ ಅಡುಗೆಮನೆಗೆ ಬರಲು ಹತ್ತು ವರ್ಷದ ಮೇಲಾಯಿತು. 1980ರಿಂದ 1990ರವರೆಗೆ ಬ್ರಾಕ್ ಎಂಬ ಅಲ್ಲಿನ ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆಯರು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ ಕಲಿಸಿದರು.

ಅಳತೆ ಹೀಗಿತ್ತು: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. (ಬಂಗಾಳದ ಅರ್ಧ ಸೇರು ಅಂದರೆ ಅರ್ಧ ಲೀಟರಿಗೆ ತುಸು ಕಡಿಮೆ. ಈಗ ಓಆರ್‌ಎಸ್, ಅಂದರೆ ಭೇದಿಗೆ ನೀರಲ್ಲಿ ಕಲಸಿ ಕುಡಿಸುವ ಸಿದ್ಧ ಪುಡಿಯ ಪೊಟ್ಟಣ, ಸಿಗುವ ಕಡೆ ಅದನ್ನೇ ಬಳಸಿ.) ಉಪ್ಪು ಹೆಚ್ಚಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಜೀವಕ್ಕೇ ಅಪಾಯ. ಅದಕ್ಕೇ ಬರೀ ಬಾಯಲ್ಲಿ ಹೇಳಿ ಬರುತ್ತಿರಲಿಲ್ಲ. ತಾಯಿಯ ಕೈಯಲ್ಲೇ, ಅವಳ ಮನೆಯ ಪಾತ್ರೆಯಲ್ಲೇ ಕಲಸಿಸುತ್ತಿದ್ದರು. ಆಮೇಲೆ ಬೇರೊಬ್ಬರು ಬಂದು ಕೆಲವು ಮನೆಗಳಲ್ಲಿ ಮತ್ತೆ ಮಾಡಿಸಿ ನೋಡುತ್ತಿದ್ದರು. ಎಷ್ಟು ತಾಯಂದಿರಿಗೆ ಪಾಠ ನೆನಪಿದೆ ಅನ್ನುವುದರ ಮೇಲೆ ಕಾರ್ಯಕರ್ತೆಯ ಸಂಬಳ.

ಇಷ್ಟಾದರೂ ಮಗುವಿಗೆ ಭೇದಿಯಾದಾಗ ಬಳಸುವವರು ಮೊದಮೊದಲು ಕಡಿಮೆಯೇ. ಹುಡುಕಿದರೆ, ಕಲಿಸುವವರಿಗೇ ಅದರ ಮೇಲೆ ನಂಬಿಕೆ ಇರಲಿಲ್ಲ. ಮನೆಯ ಗಂಡಸರಿಗೆ ಯಾರೂ ಹೇಳಿರಲಿಲ್ಲ. ಕಾರ್ಯಕರ್ತೆಯರಿಗೆ ಕಾರಣ ಬಿಡಿಸಿ ಹೇಳಿದರು, ಸಂತೆಯಲ್ಲೂ ಮಸೀದಿಯಲ್ಲೂ ಗಂಡಸರನ್ನು ಕೂಡಿಸಿ ಮಾತಾಡಿದರು. ಬಳಕೆ ಏರಿತು.

ನಿಮ್ಮ ವಿಷಯ ಬೀಜವಿರಲಿ, ನೀರಿರಲಿ, ಕರಡನ್ನು ಮುದ್ರಣಕ್ಕೆ ಕೊಡುವ ಮೊದಲು ಏಳೆಂಟು ಜನರ ಮುಂದಿಡಿ. "ಅರ್ಥ ಆಯ್ತಾ?" ಅಂದರೆ ಎಲ್ಲರೂ ಹೂಂ ಅಂತಾರೆ. "ಮಾಡಿ ತೋರಿಸಿ" ಅನ್ನಿ. ಎಲ್ಲಿ ಕೈ ತಡವರಿಸುತ್ತದೋ ಆ ಸಾಲನ್ನು ತಿದ್ದಿ. ತಿಂಗಳ ಮೇಲೆ, ಕಲಿಸಿದವರನ್ನು ಬಿಟ್ಟು ಬೇರೆಯವರನ್ನು ಕಳಿಸಿ, ನೆನಪಿದ್ದವರೆಷ್ಟು, ಬಳಸಿದವರೆಷ್ಟು ಎಂದು ಎರಡು ಲೆಕ್ಕ ಬೇರೆ ಬೇರೆ ಬರೆಸಿ. ನೆನಪೇ ಇಲ್ಲದಿದ್ದರೆ ಕಲಿಸಿದ ಕ್ರಮ ಸರಿಯಿಲ್ಲ. ನೆನಪಿದ್ದೂ ಬಳಸದಿದ್ದರೆ ಕರಪತ್ರ ತಿದ್ದಿ ಫಲವಿಲ್ಲ. ನಂಬಿಕೆ, ದುಡ್ಡು, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಇವನ್ನು ನೋಡಿ.

ಮೊದಲೆಲ್ಲ ಈ ಕೆಲಸ ಯೋಜನೆಯ ಕೊನೆಯ ತಿಂಗಳಿಗೆ ಬೀಳುತ್ತಿತ್ತು. ಈಗ ಹಣ ಕೊಡುವ ಎಷ್ಟೋ ಸಂಸ್ಥೆಗಳು ಅರ್ಜಿಯಲ್ಲೇ "ಇದನ್ನು ಯಾರು ಬಳಸುತ್ತಾರೆ?" ಎಂದು ಕೇಳುತ್ತವೆ. ತಿಂಗಳ ಮೇಲಿನ ಆ ಎರಡನೇ ಭೇಟಿಯ ಖರ್ಚನ್ನು ಅಲ್ಲೇ ಬರೆಯಿರಿ. ಮುದ್ರಣಕ್ಕೆ ದುಡ್ಡೆಲ್ಲ ಹೋದ ಮೇಲೆ ಆ ಭೇಟಿ ಆಗುವುದೇ ಇಲ್ಲ.